ಹಿಮ ಬೀಳುವ ವಾರ ಮೇಸಾ ವರ್ಡೆಗೆ ಹೋಗಬಹುದಾ? ಹೋಗಿ ಬಂದವರು ಹೇಳಿ

ಜೋಳದರೊಟ್ಟಿ

ಎಲ್ಲರಿಗೂ ನಮಸ್ಕಾರ. ನಾವು ಡೆನ್ವರ್ ಕಡೆಯವರು. ಕ್ರಿಸ್ಮಸ್ ರಜೆಗೆ ಡುರಾಂಗೊದಲ್ಲಿ ಮನೆ ಬಾಡಿಗೆಗೆ ತಗೊಂಡಿದ್ದೇವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಜೊತೆಗೆ ಮಗಳು. ಅಲ್ಲಿಂದ ಒಂದು ದಿನ ಮೇಸಾ ವರ್ಡೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಬಂಡೆಯ ಹೊಟ್ಟೆಯೊಳಗೆ ಕಟ್ಟಿದ ಹಳೇ ಮನೆಗಳನ್ನು ನೋಡಿ, ಕತ್ತಲಾಗುವ ಮುಂಚೆ ವಾಪಸ್ ಬರುವ ಯೋಚನೆ. ಆದರೆ ಆ ವಾರ ಹಿಮ ಬೀಳುತ್ತದಂತೆ. ಚಳಿಗಾಲದಲ್ಲಿ ಮನೆಗಳ ಒಳಗೂ ಬಿಡುವುದಿಲ್ಲವಂತೆ. ಅಪ್ಪನಿಗೆ ಮಂಡಿ ನೋವು ಬೇರೆ. ಹೋಗುವುದೋ, ಬೇಸಿಗೆಗೆ ಮುಂದೂಡುವುದೋ?

ಬಿಸಿಲುಕುದುರೆ

ಮುಂದೂಡಿ. ಕ್ಲಿಫ್ ಪ್ಯಾಲೇಸ್, ಬಾಲ್ಕನಿ ಹೌಸ್, ಲಾಂಗ್ ಹೌಸ್ ಎಂಬ ಬಂಡೆಮನೆಗಳು ಮೂರಕ್ಕೂ ಪಾರ್ಕಿನ ರೇಂಜರ್ ಜೊತೆಗೇ ಹೋಗಬೇಕು. ಆ ಟೂರ್‌ಗಳು ಇರುವುದು ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ. ಲಾಂಗ್ ಹೌಸ್ ಇರುವ ವೆದರಿಲ್ ಮೇಸಾದ (ಮೇಸಾ ಅಂದರೆ ತಲೆ ಚಪ್ಪಟೆಯಾದ ಗುಡ್ಡ) ರಸ್ತೆ ಚಳಿಗಾಲದಲ್ಲಿ ಪೂರ್ತಿ ಬಂದ್. ಸ್ಪ್ರೂಸ್ ಟ್ರೀ ಹೌಸ್ ಮೊದಲು ವರ್ಷವಿಡೀ ತೆರೆದಿರುತ್ತಿತ್ತು. 2015ರಲ್ಲಿ ಮೇಲಿನ ಬಂಡೆಯಿಂದ ಕಲ್ಲು ಉದುರಿತು, ಆಗಿನಿಂದ ಅದಕ್ಕೂ ಪ್ರವೇಶವಿಲ್ಲ. ಅಂದ ಮೇಲೆ ಅಷ್ಟು ದೂರ ಹೋಗಿ ಕಣಿವೆಯ ಆಚೆ ದಡದಿಂದ ಇಣುಕಿ ನೋಡುವುದಷ್ಟೇ. ನಾನು ಬೇಸಿಗೆಯಲ್ಲಿ ಬಾಲ್ಕನಿ ಹೌಸ್‌ನ 32 ಅಡಿ ಏಣಿ ಹತ್ತಿದ್ದೇನೆ. ಆ ಅನುಭವದ ಮುಂದೆ ದೂರದಿಂದ ನೋಡುವುದು ಏನೂ ಅಲ್ಲ.

ಡುರಾಂಗೊ ದಾರಿಹೋಕ

ನಾನು ಇದೇ ಊರಲ್ಲಿದ್ದೇನೆ, ಹಿಮದಲ್ಲೂ ಹೋಗಿದ್ದೇನೆ. ನನ್ನ ಮಟ್ಟಿಗೆ ಆ ಜಾಗ ಅರ್ಥ ಆಗುವುದೇ ಚಳಿಗಾಲದಲ್ಲಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಡುರಾಂಗೊದಿಂದ ಪಾರ್ಕಿನ ಗೇಟಿಗೆ ಸುಮಾರು 35 ಮೈಲಿ. ನಿಜವಾದ ದಾರಿ ಶುರುವಾಗುವುದು ಗೇಟು ದಾಟಿದ ಮೇಲೆ. ಅಲ್ಲಿಂದ ಮ್ಯೂಸಿಯಂಗೆ ಇನ್ನೂ 20 ಮೈಲಿ, ಎಲ್ಲಾ ಏರು ಮತ್ತು ತಿರುವು. ಒಣ ರಸ್ತೆಯಲ್ಲೇ ಮುಕ್ಕಾಲು ಗಂಟೆ ಬೇಕು. ಹಿಮ ಸರಿಸಿ ರಸ್ತೆ ಬಿಡಿಸುತ್ತಾರೆ, ಆದರೆ ನೆರಳಿರುವ ತಿರುವುಗಳಲ್ಲಿ ಐಸ್ ಕೂತಿರುತ್ತದೆ. ದಾರಿಯುದ್ದಕ್ಕೂ ಸುಟ್ಟ ಜೂನಿಪರ್ ಮರಗಳ ಬೋಳು ಕಾಂಡಗಳು ಕಾಣುತ್ತವೆ. 2000 ಮತ್ತು 2002ರ ಕಾಡ್ಗಿಚ್ಚಿನಲ್ಲಿ ಪಾರ್ಕಿನ ಅರ್ಧದಷ್ಟು ಸುಟ್ಟಿತ್ತು. ಬೇಸಿಗೆಯಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬಿಳಿ ಹಿಮದ ಮೇಲೆ ಕಪ್ಪು ಕಾಂಡಗಳು ಮಾತ್ರ ಎದ್ದು ಕಾಣುತ್ತವೆ.

ಚಳಿಗಾಲದಲ್ಲಿ ಕಾರು ಓಡಿಸಲು ತೆರೆದಿರುವುದು ಮೇಸಾ ಟಾಪ್ ಲೂಪ್, 6 ಮೈಲಿ. ಹೆಚ್ಚಿನ ನಿಲುಗಡೆಗಳಲ್ಲಿ ಕಾರಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು. ಸ್ಕ್ವೇರ್ ಟವರ್ ಹೌಸ್ ತಪ್ಪಿಸಬೇಡಿ. ನಾಲ್ಕು ಅಂತಸ್ತಿನ ಗೋಪುರ ಬಂಡೆಗೆ ಬೆನ್ನು ಕೊಟ್ಟು ಇನ್ನೂ ನೆಟ್ಟಗೆ ನಿಂತಿದೆ. ಸನ್ ಪಾಯಿಂಟ್‌ನಲ್ಲಿ ನಿಂತರೆ ಒಂದೇ ಕಡೆಯಿಂದ ಹತ್ತಾರು ಮನೆಗಳು ಕಾಣುತ್ತವೆ, ಆಚೆ ಕ್ಲಿಫ್ ಪ್ಯಾಲೇಸ್ ಕೂಡ. ಹಿಮ ಬಿದ್ದಾಗ ಮೇಸಾದ ಮೇಲೆಲ್ಲ ಬಿಳಿ, ಕಣಿವೆಯ ಅಡಿಯಲ್ಲಿ ಬಿಳಿ, ನಡುವೆ ಮನೆಗಳಿರುವ ಪೊಟರೆ ಮಾತ್ರ ಒಣಗಿ ಹಳದಿಯಾಗಿರುತ್ತದೆ. ಬೇಸಿಗೆಯಲ್ಲಿ ಕಲ್ಲು, ಮಣ್ಣು, ಗೋಡೆ ಎಲ್ಲಾ ಒಂದೇ ಬಣ್ಣ. ಎಲ್ಲಿದೆ ಎಲ್ಲಿದೆ ಎಂದು ಹುಡುಕಬೇಕು. ಹಿಮದಲ್ಲಿ ಮಕ್ಕಳೇ ಮೊದಲು ಬೆರಳು ತೋರಿಸುತ್ತಾರೆ.

ಬೈನಾಕ್ಯುಲರ್ ಮರೆಯಬೇಡಿ. ಅದಿಲ್ಲದಿದ್ದರೆ ಬಿಸಿಲುಕುದುರೆಯವರು ಹೇಳಿದ್ದೇ ಸರಿ.

ಬಿಸಿಲುಕುದುರೆ

ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ‘ಅರ್ಥ ಆಗುತ್ತದೆ’ ಅಂದರೆ ಏನು? ಒಳಗೆ ಹೋಗದೆ ಏನು ಅರ್ಥ ಆಗುತ್ತದೆ?

ಡುರಾಂಗೊ ದಾರಿಹೋಕ

ಇಂಥ ಪೊಟರೆಗಳನ್ನೇ ಯಾಕೆ ಆರಿಸಿಕೊಂಡರು ಎಂಬುದು. ದೊಡ್ಡ ಮನೆಗಳು ಹೆಚ್ಚಾಗಿ ದಕ್ಷಿಣ, ನೈಋತ್ಯ ದಿಕ್ಕಿಗೆ ಮುಖ ಮಾಡಿವೆ. ಜಾಗ ಇರುವುದು 37 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ ಮಧ್ಯಾಹ್ನ ಸೂರ್ಯ ಸುಮಾರು 76 ಡಿಗ್ರಿ ಮೇಲೇರುತ್ತಾನೆ. ಬಂಡೆಯ ಚಾವಣಿ ಅಡ್ಡ ಬಂದು ಮನೆಗಳು ನೆರಳಿನಲ್ಲಿರುತ್ತವೆ. ಡಿಸೆಂಬರ್‌ನಲ್ಲಿ ಏರುವುದು 29 ಡಿಗ್ರಿ ಅಷ್ಟೇ. ಬಿಸಿಲು ಓರೆಯಾಗಿ ಬಂದು ಹಿಂದಿನ ಗೋಡೆಯ ತನಕ ಹೋಗುತ್ತದೆ. ಬಂಡೆ ಹಗಲೆಲ್ಲ ಕಾದು ರಾತ್ರಿ ಆ ಶಾಖ ಬಿಡುತ್ತದೆ. ಪುಸ್ತಕದಲ್ಲಿ ಓದಿದರೆ ಹೌದು ಅನ್ನಿಸುತ್ತದೆ. ಮೈನಸ್ಸಿನ ಚಳಿಯಲ್ಲಿ ನೀವು ಆಚೆ ದಡದ ನೆರಳಲ್ಲಿ ನಡುಗುತ್ತಾ ನಿಂತಾಗ, ಎದುರಿನ ಪೊಟರೆ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ ನೋಡಿ, ಆಗ ಮೈಗೇ ಗೊತ್ತಾಗುತ್ತದೆ.

ಸುಣ್ಣದಕಲ್ಲು

ಭೂವಿಜ್ಞಾನ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಹಿಮಕ್ಕೂ ಈ ಮನೆಗಳಿಗೂ ಇನ್ನೂ ಹಳೆಯ ನಂಟಿದೆ. ಪೊಟರೆ ಕೊರೆದದ್ದೇ ಹಿಮ.

ಮೇಲಿರುವುದು ಕ್ಲಿಫ್ ಹೌಸ್ ಮರಳುಗಲ್ಲು. ಹತ್ತಿರ ಹತ್ತಿರ 8 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ದಡದ ಮರಳು ಅದು. ಹಿಮ ಕರಗಿದ ನೀರು ಈ ಕಲ್ಲಿನೊಳಗೆ ನಿಧಾನವಾಗಿ ಇಳಿಯುತ್ತದೆ. ಕೆಳಗೆ ಜೇಡಿಗಲ್ಲಿನ ಪದರ ಸಿಕ್ಕಿದರೆ ಮುಂದಕ್ಕೆ ಇಳಿಯಲಾಗದೆ ಅಡ್ಡಕ್ಕೆ ಹರಿದು ಬಂಡೆಯ ಮುಖದಲ್ಲಿ ಜಿನುಗುತ್ತದೆ. ಚಳಿಗಾಲದ ರಾತ್ರಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಪ್ರತಿ ಸಲವೂ ಕಲ್ಲಿನ ಒಂದಿಷ್ಟು ಹಪ್ಪಳ ಉದುರುತ್ತದೆ. ಸಾವಿರಾರು ವರ್ಷ ಹೀಗೇ ನಡೆದು ಪೊಟರೆ ದೊಡ್ಡದಾಯಿತು. ಅದೇ ಜಿನುಗುವ ನೀರು ಮನೆಯವರಿಗೆ ಕುಡಿಯಲೂ ಆಯಿತು. ಹಿತ್ತಲಲ್ಲೇ ಒರತೆ!

ಸ್ಪ್ರೂಸ್ ಟ್ರೀ ಹೌಸ್ ಮುಚ್ಚಿದ್ದಾರೆ ಎಂದು ಮೇಲೆ ಬೈದಿದ್ದೀರಿ. ಅದಕ್ಕೂ ಮೂಲ ಇದೇ ಕೆಲಸ. ಹಿಮ ಇನ್ನೂ ಪೊಟರೆ ಕೊರೆಯುವುದನ್ನು ನಿಲ್ಲಿಸಿಲ್ಲ.

ಬಿಸಿಲುಕುದುರೆ

ನಾನು ಬೈದಿಲ್ಲ ಸಾರ್, ಮಾಹಿತಿ ಕೊಟ್ಟೆ. 😀

ಮಂಡಕ್ಕಿ ಮಿರ್ಚಿ

ಹಾಗಾದರೆ ಇದು ನಮ್ಮ ಬಾದಾಮಿಯ ತರಹ ಅಲ್ವಾ? ಅದೂ ಮರಳುಗಲ್ಲೇ.

ಸುಣ್ಣದಕಲ್ಲು

ಮರಳುಗಲ್ಲು ಹೌದು, ಅಷ್ಟಕ್ಕೇ ನಿಲ್ಲಿಸಿ. ಬಾದಾಮಿಯಲ್ಲಿ ಚಾಲುಕ್ಯರು ಬಂಡೆಯನ್ನೇ ಕಡಿದು ಗುಡಿ ಮಾಡಿದರು, ಕಂಬವೂ ಅದೇ ಕಲ್ಲು. ಇಲ್ಲಿ ಬಂಡೆ ಕೊಟ್ಟದ್ದು ಬರೀ ಸೂರು. ಗೋಡೆಗೆ ಮರಳುಗಲ್ಲನ್ನು ಇಟ್ಟಿಗೆಯಂತೆ ಒಡೆದು, ಮಣ್ಣಿನ ಗಾರೆ ಹಾಕಿ, ಸಂದಿಗೆ ಚಿಕ್ಕ ಚಕ್ಕೆ ತುರುಕಿ ಕಟ್ಟಿದ್ದಾರೆ. ಅದು ದೇವರಿಗೆ, ಇದು ವಾಸಕ್ಕೆ. ಕಾಲವೂ ಬೇರೆ. ಬಾದಾಮಿಯದು 6ನೇ ಶತಮಾನ, ಕ್ಲಿಫ್ ಪ್ಯಾಲೇಸ್ ಕಟ್ಟಿದ್ದು ಸುಮಾರು 1190ರಿಂದ 1280ರ ಒಳಗೆ.

ಹಾಸನದ ಹಕ್ಕಿ

ಈ ಇಸವಿಗಳನ್ನು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ಶಾಸನ ಇಲ್ಲ, ಲಿಪಿ ಇಲ್ಲ.

ಹಳೇಪೇಟೆ

ಮರದ ಉಂಗುರ. ಚಾವಣಿಯ ತೊಲೆಗಳಲ್ಲಿ ವರ್ಷಕ್ಕೊಂದು ಉಂಗುರ ಇರುತ್ತದೆ. ಮಳೆ ಹಿಮ ಚೆನ್ನಾಗಿದ್ದ ವರ್ಷ ಅಗಲ, ಬರದ ವರ್ಷ ಸಣ್ಣ. ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ ಈ ಸಾಲುಗಳನ್ನು ಜೋಡಿಸುತ್ತಾ ಹೋದರು. ಈಗಿನ ಮರಗಳಿಂದ ಹಿಂದಕ್ಕೆ ಬಂದ ಒಂದು ಸಾಲು ಇತ್ತು. ಪಾಳುಮನೆಗಳ ತೊಲೆಗಳಿಂದ ಸಿಕ್ಕ ಇನ್ನೊಂದು ಸಾಲು ಇತ್ತು, ಆದರೆ ಅದು ಯಾವ ಕಾಲದ್ದೆಂದು ಗೊತ್ತಿರಲಿಲ್ಲ. ಎರಡರ ಮಧ್ಯೆ ಕೊಂಡಿ ಇರಲಿಲ್ಲ. 1929ರಲ್ಲಿ ಆರಿಝೋನಾದ ಶೋ ಲೋ ಎಂಬಲ್ಲಿ ಸುಟ್ಟು ಇದ್ದಿಲಾಗಿದ್ದ ಒಂದು ತೊಲೆ ಸಿಕ್ಕಿತು. ಎಚ್‌ಎಚ್-39 ಎಂದು ಅದಕ್ಕೆ ನಂಬರ್. ಎರಡು ಸಾಲುಗಳನ್ನೂ ಸೇರಿಸಿದ್ದು ಆ ತುಂಡು. ಒಂದೇ ಏಟಿಗೆ ಈ ಭಾಗದ ಎಷ್ಟೋ ಪಾಳುಮನೆಗಳಿಗೆ ಇಸವಿ ಸಿಕ್ಕಿತು. ಸ್ಪ್ರೂಸ್ ಟ್ರೀ ಹೌಸ್ ಕಟ್ಟಿದ್ದು 1211ರಿಂದ 1278ರ ನಡುವೆ ಎಂದು ಇವತ್ತು ಹೇಳುವುದು ಇದೇ ಲೆಕ್ಕದಿಂದ.

1276ರಿಂದ 1299ರ ತನಕ ದೊಡ್ಡ ಬರ ಬಿದ್ದದ್ದು ಗೊತ್ತಾಗಿದ್ದೂ ಇದೇ ಉಂಗುರಗಳಿಂದ.

ಮಂಡಕ್ಕಿ ಮಿರ್ಚಿ

ಅಂದರೆ ಕಟ್ಟಿ ಮುಗಿಸುವಷ್ಟರಲ್ಲಿ ಬಿಟ್ಟು ಹೋದರಾ? ಅಯ್ಯೋ.

ಹಳೇಪೇಟೆ

ಈ ಮೇಸಾದಲ್ಲಿ ಜನ ಸುಮಾರು ಕ್ರಿ.ಶ. 550ರಿಂದ ಇದ್ದರು. ಮೊದಲು ಮೇಲೆ, ಹೊಲಗಳ ಪಕ್ಕದಲ್ಲೇ ವಾಸ. ಪೊಟರೆಗಳಿಗೆ ಇಳಿದದ್ದು ಕೊನೆಯ ನೂರು ವರ್ಷಗಳಲ್ಲಿ. ಹೊಲ ಆಗಲೂ ಮೇಲೆಯೇ, ಕೆಂಪು ಮಣ್ಣಿನಲ್ಲಿ ಮೆಕ್ಕೆಜೋಳ, ಬೀನ್ಸ್, ಕುಂಬಳ. ಬಂಡೆಯಲ್ಲಿ ಕೈಕಾಲು ಬೆರಳಿಗೆ ಆಗುವಷ್ಟು ಗುಳಿ ಕೊರೆದು ಹತ್ತಿ ಇಳಿಯುತ್ತಿದ್ದರು. ಮಂಜು ಹಿಡಿದ ಬೆಳಿಗ್ಗೆ ಅದನ್ನು ನೆನೆಸಿಕೊಂಡರೇ ನನಗೆ ಕಾಲು ನಡುಗುತ್ತದೆ.

ಬಿಟ್ಟದ್ದಕ್ಕೆ ಬರ ಒಂದೇ ಕಾರಣ ಅಲ್ಲ. ಮಣ್ಣು ಸವೆದಿತ್ತು, ಸೌದೆ ಮುಗಿಯುತ್ತಾ ಬಂದಿತ್ತು, ಜಗಳಗಳೂ ಇದ್ದವು. 1300ರ ಹೊತ್ತಿಗೆ ಎಲ್ಲರೂ ದಕ್ಷಿಣಕ್ಕೆ ಹೋಗಿದ್ದರು. ‘ಮಾಯವಾದ ಜನ’ ಎಂದು ಬೋರ್ಡ್ ಹಾಕುತ್ತಾರಲ್ಲ, ನನಗೆ ಅದು ಹಿಡಿಸುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಇದ್ದಾರೆ. ಹೋಪಿ, ಝೂನಿ, ಆಕೋಮಾ, ರಿಯೋ ಗ್ರಾಂಡೆ ನದಿ ದಡದ ಪ್ವೆಬ್ಲೋ ಊರುಗಳ ಜನ. ಅವರ ಪ್ರಕಾರ ಹಿರಿಯರು ಅಲ್ಲೇ ಇದ್ದಾರೆ, ಜಾಗ ಖಾಲಿಯಾಗಿಲ್ಲ. ಅಲ್ಲಿ ಹೋಗಿ ಕಿರುಚಿ ಪ್ರತಿಧ್ವನಿ ಕೇಳುವ ಆಟ ಬೇಡ ಎಂದು ನಾನು ಹೇಳುವುದು ಅದಕ್ಕೇ.

ಜೋಳದರೊಟ್ಟಿ

ನಾನು ಕೇಳಿದ್ದು ರಸ್ತೆ ಹೇಗಿದೆ ಅಂತ, ಸಿಕ್ಕಿದ್ದು ಇಡೀ ಚರಿತ್ರೆ. 😀 ಚೆನ್ನಾಗಿದೆ, ಮುಂದುವರಿಸಿ. ಮಗಳು ಪಕ್ಕದಲ್ಲೇ ಓದುತ್ತಿದ್ದಾಳೆ. ಅವಳ ಪ್ರಶ್ನೆ: ಹಿಮ ಬಿದ್ದಾಗ ಆ ಮಕ್ಕಳು ಏನು ಹಾಕ್ಕೊಳ್ತಿದ್ದರು?

ಹಳೇಪೇಟೆ

ಟರ್ಕಿ ಕೋಳಿಯ ಪುಕ್ಕದ ಕಂಬಳಿ! ಯಕ್ಕಾ ಗಿಡದ ನಾರಿನ ಹುರಿಗೆ ಪುಕ್ಕಗಳನ್ನು ಸುತ್ತಿ, ಆ ಹುರಿಯಿಂದ ಹೆಣೆಯುತ್ತಿದ್ದರು. ಟರ್ಕಿಗಳನ್ನು ಸಾಕುತ್ತಿದ್ದರು, ಪೊಟರೆಯ ಹಿಂಭಾಗದಲ್ಲಿ ಕೂಡಿ ಹಾಕುತ್ತಿದ್ದರು. ಕಾಲಿಗೆ ಯಕ್ಕಾ ನಾರಿನ ಚಪ್ಪಲಿ. ಗಂಡಸರು ಸರಾಸರಿ 5 ಅಡಿ 4-5 ಅಂಗುಲ, ಹೆಂಗಸರು 5 ಅಡಿಗೆ ಸ್ವಲ್ಪ ಮೇಲೆ. ಕೋಣೆ ಸುಮಾರು 6 ಅಡಿ ಅಗಲ, 8 ಅಡಿ ಉದ್ದ. ಬಾಗಿಲು ಸಣ್ಣ, ಕಲ್ಲಿನ ಹಲಗೆ ಇಟ್ಟು ಮುಚ್ಚಬಹುದು.

ಚಳಿಗೆ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಕೀವಾ. ನೆಲದೊಳಗೆ ದುಂಡಗೆ ತೋಡಿದ ಕೋಣೆ. ಚಾವಣಿಯ ಕಿಂಡಿಯಿಂದ ಏಣಿ ಇಳಿದು ಒಳಗೆ ಹೋಗಬೇಕು. ಮಧ್ಯದಲ್ಲಿ ಒಲೆ. ಪಕ್ಕದ ಸುರಂಗದಿಂದ ಹೊಸ ಗಾಳಿ ಬರುತ್ತದೆ. ಅದು ನೇರ ಒಲೆಗೆ ಹೊಡೆಯದಂತೆ ಮುಂದೆ ಒಂದು ಗಿಡ್ಡ ಗೋಡೆ. ಹೊಗೆ ಏಣಿಯ ಕಿಂಡಿಯಿಂದಲೇ ಆಚೆ. ನೆಲದಲ್ಲಿ ಸಿಪಾಪು ಎಂಬ ಪುಟ್ಟ ಗುಳಿ ಇರುತ್ತದೆ, ಮನುಷ್ಯರು ಈ ಲೋಕಕ್ಕೆ ಬಂದ ದಾರಿಯ ಗುರುತು ಅದು. ಕ್ಲಿಫ್ ಪ್ಯಾಲೇಸ್ ಒಂದರಲ್ಲೇ 150ರಷ್ಟು ಕೋಣೆ, 23 ಕೀವಾ. ಇದ್ದವರು ಮಾತ್ರ ಸುಮಾರು ನೂರು ಜನ ಎಂಬ ಅಂದಾಜು. ಅದೂ ದೊಡ್ಡದಾದ್ದರಿಂದ. ಪಾರ್ಕಿನಲ್ಲಿರುವ 600 ಬಂಡೆಮನೆಗಳಲ್ಲಿ ಮುಕ್ಕಾಲು ಪಾಲಿಗೆ ಒಂದರಿಂದ ಐದೇ ಕೋಣೆ. ಬೈನಾಕ್ಯುಲರ್ ಹಿಡಿದು ಪೊಟರೆಯ ಚಾವಣಿ ನೋಡಲು ಹೇಳಿ. ಒಲೆಯ ಮಸಿ ಇನ್ನೂ ಕಪ್ಪಾಗಿ ಮೆತ್ತಿಕೊಂಡಿದೆ.

ಡುರಾಂಗೊ ದಾರಿಹೋಕ

ಹಿಮದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹೊರಗಿನ ಜನಕ್ಕೆ ಕ್ಲಿಫ್ ಪ್ಯಾಲೇಸ್ ಕಂಡದ್ದೂ ಹಿಮ ಬೀಳುವ ದಿನವೇ. 1888ರ ಡಿಸೆಂಬರ್ 18. ರಿಚರ್ಡ್ ವೆದರಿಲ್ ಮತ್ತು ಅವನ ಭಾವಮೈದ ಚಾರ್ಲಿ ಮೇಸನ್ ತಪ್ಪಿಸಿಕೊಂಡ ದನಗಳನ್ನು ಹುಡುಕುತ್ತಾ ಮೇಸಾದ ಅಂಚಿಗೆ ಬಂದರು. ಎದುರು ಪೊಟರೆಯಲ್ಲಿ ಇಡೀ ಊರೇ ನಿಂತಿತ್ತು. ನೀವು ಹೋಗುವುದೂ ಹೆಚ್ಚುಕಡಿಮೆ ಅದೇ ವಾರ.

ಹಾಸನದ ಹಕ್ಕಿ

ಆ ಕಥೆಯನ್ನು ಎಲ್ಲರೂ ‘ಕಂಡುಹಿಡಿದರು’ ಎಂದೇ ಮುಗಿಸುತ್ತಾರೆ. ಆ ಸೀಮೆಯ ಮೂಲನಿವಾಸಿಗಳಾದ ಯೂಟ್ ಜನರಿಗೆ ಮೊದಲಿಂದ ಗೊತ್ತಿತ್ತು. ಅಂಥದೊಂದು ದೊಡ್ಡ ಮನೆ ಇದೆ ಎಂದು ವೆದರಿಲ್‌ಗೆ ಹೇಳಿದವನೇ ಆಕೊವಿಟ್ಸ್ ಎಂಬ ಯೂಟ್ ಗೆಳೆಯ ಎಂಬ ಮಾತಿದೆ. 1874ರಲ್ಲೇ ಡಬ್ಲ್ಯೂ. ಎಚ್. ಜಾಕ್ಸನ್ ಎಂಬ ಫೋಟೋಗ್ರಾಫರ್ ಪಕ್ಕದ ಮ್ಯಾಂಕೋಸ್ ಕಣಿವೆಯ ಒಂದು ಮನೆಯ ಫೋಟೋ ತೆಗೆದಿದ್ದರು.

ಆಮೇಲೆ ಆದದ್ದು ಲೂಟಿ. ವೆದರಿಲ್ ಅಣ್ಣತಮ್ಮಂದಿರು ಅಗೆದರು, ಮಾರಿದರು. 1891ರಲ್ಲಿ ಸ್ವೀಡನ್ನಿನಿಂದ ಗುಸ್ತಾಫ್ ನೂರ್ಡೆನ್‌ಶೆಲ್ಡ್ ಎಂಬ ಇಪ್ಪತ್ತಮೂರರ ಹುಡುಗ ಬಂದ. ಅವನು ಕ್ರಮವಾಗಿ ಅಗೆದ, ಅಳೆದ, ಫೋಟೋ ತೆಗೆದ, ಬರೆದಿಟ್ಟ. ಆಮೇಲೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ರೈಲಿಗೆ ಹಾಕಲು ಹೊರಟ. ನಿಮ್ಮ ಡುರಾಂಗೊದಲ್ಲೇ ಹಿಡಿದರು. ಆದರೆ ಅದನ್ನು ತಡೆಯುವ ಕಾನೂನೇ ಇರಲಿಲ್ಲ, ಬಿಟ್ಟುಬಿಟ್ಟರು. ಸಾಮಾನು ಕೊನೆಗೆ ಹೆಲ್ಸಿಂಕಿಯ ಮ್ಯೂಸಿಯಂ ಸೇರಿತು. 1906ರ ಜೂನ್‌ನಲ್ಲಿ ಪ್ರಾಚೀನ ವಸ್ತುಗಳ ಕಾಯ್ದೆ ಬಂತು, ಅದೇ ತಿಂಗಳು ಮೇಸಾ ವರ್ಡೆ ರಾಷ್ಟ್ರೀಯ ಉದ್ಯಾನವಾಯಿತು. ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ವರ್ಜೀನಿಯಾ ಮೆಕ್ಲರ್ಗ್ ಮತ್ತು ಲೂಸಿ ಪೀಬಾಡಿ ಎಂಬ ಇಬ್ಬರು ಹೆಂಗಸರು. ವೆದರಿಲ್ ಹೆಸರಲ್ಲಿ ಒಂದು ಮೇಸಾನೇ ಇದೆ. ಇವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮಂಡಕ್ಕಿ ಮಿರ್ಚಿ

ಹೆಲ್ಸಿಂಕಿಯಿಂದ ವಾಪಸ್ ಕೊಟ್ಟರಾ?

ಹಾಸನದ ಹಕ್ಕಿ

ಎಲ್ಲವನ್ನೂ ಅಲ್ಲ. 2020ರಲ್ಲಿ 20 ಜನರ ಅಸ್ಥಿ ಮತ್ತು ಸಮಾಧಿಯಲ್ಲಿ ಇಟ್ಟಿದ್ದ 28 ವಸ್ತುಗಳು ಬಂದವು. ಪಾರ್ಕಿನೊಳಗೇ ಮತ್ತೆ ಮಣ್ಣು ಮಾಡಿದರು. ಮಿಕ್ಕದ್ದು ಅಲ್ಲೇ ಇದೆ.

ಬಿಸಿಲುಕುದುರೆ

ಸರಿ, ಚರಿತ್ರೆ ಆಯಿತು. ಮತ್ತೆ ರಸ್ತೆಗೆ ಬರೋಣ. ನೀವು ಡೆನ್ವರಿನಿಂದ ಡುರಾಂಗೊಗೆ ಬರುವ ದಾರಿಯೇ ನನಗೆ ಹೆಚ್ಚು ಚಿಂತೆ. ವುಲ್ಫ್ ಕ್ರೀಕ್ ಪಾಸ್ 10,857 ಅಡಿ. ಕಳೆದ ಚಳಿಗಾಲ ನಮಗೆ ಕೊಟ್ಟ ಬಾಡಿಗೆ ಎಸ್‌ಯುವಿಯಲ್ಲಿ ಸವೆದ ಬೇಸಿಗೆ ಟೈರ್‌ಗಳಿದ್ದವು. ‘ಆಲ್ ವೀಲ್ ಡ್ರೈವ್ ಇದೆ, ಏನೂ ಆಗಲ್ಲ’ ಅಂದರು. ಇಳಿಜಾರಲ್ಲಿ ಕಾರು ತಾನೇ ದಾರಿ ಹಿಡಿಯಿತು. ಎದುರು ಯಾರೂ ಬರುತ್ತಿರಲಿಲ್ಲ, ಬದುಕಿದೆವು. ನಾಲ್ಕು ಚಕ್ರ ತಿರುಗಿದ ಮಾತ್ರಕ್ಕೆ ನಾಲ್ಕು ಚಕ್ರ ನಿಲ್ಲುವುದಿಲ್ಲ. ಟೈರ್ ನೋಡಿ, ಚೈನ್ ಇಟ್ಟುಕೊಳ್ಳಿ. ಮತ್ತೆ ಸಿಲ್ವರ್ಟನ್ ಕಡೆಯ ಮಿಲಿಯನ್ ಡಾಲರ್ ಹೈವೇಯಲ್ಲಿ ಬರಬೇಡಿ. ಆ ರೆಡ್ ಮೌಂಟನ್ ಪಾಸ್ 11,018 ಅಡಿ, ಅಂಚಿಗೆ ಎಷ್ಟೋ ಕಡೆ ತಡೆಗೋಡೆಯೇ ಇಲ್ಲ.

ಡುರಾಂಗೊ ದಾರಿಹೋಕ

ಇದು ನೂರಕ್ಕೆ ನೂರು ನಿಜ.

ಕೆಂಪುಮಣ್ಣು

ನಾನು ಆಲ್ಬಕರ್ಕಿಯಲ್ಲಿದ್ದೇನೆ. ಒಳಗೆ ಹೋಗಲೇಬೇಕು ಅನ್ನುವವರಿಗೆ ಚಳಿಗಾಲದಲ್ಲಿ ಬ್ಯಾಂಡೆಲಿಯರ್ ಇದೆ, ಲಾಸ್ ಅಲಾಮೋಸ್ ಹತ್ತಿರ. ಅಲ್ಲಿ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು, ಮೆತ್ತಗೆ. ಸಣ್ಣ ಕೋಣೆಗಳನ್ನು ಬಂಡೆಯಲ್ಲೇ ಕೊರೆದಿದ್ದಾರೆ. ಕೆಲವಕ್ಕೆ ಪುಟ್ಟ ಏಣಿ ಹತ್ತಿ ಒಳಗೇ ಕೂರಬಹುದು. ಮಕ್ಕಳಿಗೆ ಹಬ್ಬ. 140 ಅಡಿ ಮೇಲಿರುವ ಆಲ್ಕೋವ್ ಹೌಸ್ ಏಣಿಗಳನ್ನು ಮಾತ್ರ ಐಸ್ ಇದ್ದರೆ ಮುಚ್ಚುತ್ತಾರೆ. ಆದರೆ ಡುರಾಂಗೊದಿಂದ ಅದು ಒಂದು ದಿನದ ಪ್ರವಾಸ ಅಲ್ಲ. ಮಾಂಟೆಝೂಮಾ ಕ್ಯಾಸಲ್ ಎಂದು ಯಾರಾದರೂ ಹೇಳಿದರೆ, ಅದು ಆರಿಝೋನಾದಲ್ಲಿ, ಅದರ ಒಳಗೂ 1951ರಿಂದ ಯಾರನ್ನೂ ಬಿಡುವುದಿಲ್ಲ.

ಪುಳಿಯೋಗರೆ ಪದ್ಮ

ಊಟದ ವಿಷಯ ಯಾರೂ ಹೇಳಲೇ ಇಲ್ಲ! ಪಾರ್ಕಿನೊಳಗೆ ಚಳಿಗಾಲದಲ್ಲಿ ಏನಾದರೂ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಪೆಟ್ರೋಲ್ ಕೂಡ ಹೊರಗೇ ತುಂಬಿಸಿಕೊಳ್ಳಿ. ಅನ್ನ ಚಳಿಗೆ ಕಲ್ಲಾಗುತ್ತದೆ, ಚಪಾತಿ ಪಲ್ಯ ಸುತ್ತಿಕೊಳ್ಳಿ. ಫ್ಲಾಸ್ಕಲ್ಲಿ ಬಿಸಿ ಸಾರು. ವಯಸ್ಸಾದವರು ಶೌಚದ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ನಮ್ಮತ್ತೆಯೂ ಹಾಗೇ. ಅಲ್ಲಿ ಕುಡಿಯಲೇಬೇಕು. ಮ್ಯೂಸಿಯಂ ಇರುವ ಜಾಗವೇ ಮುಳ್ಳಯ್ಯನಗಿರಿಗಿಂತ ಎತ್ತರ. ದಾರಿಯಲ್ಲಿ ಸಿಗುವ ಪಾರ್ಕ್ ಪಾಯಿಂಟ್ ಇನ್ನೂ ಮೇಲೆ, 8,572 ಅಡಿ. ಬೇಗ ಉಸಿರು ಕಟ್ಟುತ್ತದೆ, ತಲೆ ನೋಯುತ್ತದೆ.

ಜೋಳದರೊಟ್ಟಿ

ಪದ್ಮ ಅವರೇ, ಅಪ್ಪ ಈಗಲೇ ‘ಸಾರು ಇದ್ದರೆ ಬರ್ತೀನಿ’ ಅಂದರು. ಅವರ ಮಂಡಿಗೆ ಮೆಟ್ಟಿಲು ಎಷ್ಟಿರುತ್ತದೆ?

ಡುರಾಂಗೊ ದಾರಿಹೋಕ

ಮೇಸಾ ಟಾಪ್ ಲೂಪ್‌ನಲ್ಲಿ ಮೆಟ್ಟಿಲಿನ ಕಾಟ ಅಷ್ಟಿಲ್ಲ, ಐಸಿನದ್ದೇ ಕಾಟ. ಶೂಗೆ ಹಾಕುವ ಮುಳ್ಳಿನ ಪಟ್ಟಿ ಸಿಗುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ತಗೊಳ್ಳಿ, ಒಂದು ಊರುಗೋಲೂ ಇರಲಿ. ಸ್ಪ್ರೂಸ್ ಟ್ರೀ ಹೌಸ್ ಮ್ಯೂಸಿಯಂ ಪಕ್ಕದ ಕಟಾಂಜನದಿಂದಲೇ ಚೆನ್ನಾಗಿ ಕಾಣುತ್ತದೆ, ದೊಡ್ಡವರಿಗೆ ಅದೇ ಅನುಕೂಲ. ಕ್ಲಿಫ್ ಪ್ಯಾಲೇಸ್ ಲೂಪ್ ರಸ್ತೆ ಚಳಿಗಾಲದಲ್ಲಿ ಕಾರಿಗೆ ಬಂದ್. ಹಿಮ ಸಾಕಷ್ಟಿದ್ದರೆ ಅದರ ಮೇಲೆ ಸ್ನೋಶೂ ಹಾಕಿಕೊಂಡು ನಡೆಯಬಹುದು. ಮಗಳಿಗೆ ಅದು ಇಷ್ಟವಾದರೆ ನೀವಿಬ್ಬರು ಹೋಗಿ, ದೊಡ್ಡವರು ಮ್ಯೂಸಿಯಂನ ಬೆಚ್ಚಗಿರುವ ಕಡೆ ಇರಲಿ. ನೆಲದಲ್ಲಿ ಮಡಕೆ ಚೂರು ಕಂಡರೆ ನೋಡಿ, ಮುಟ್ಟಬೇಡಿ, ಜೇಬಿಗಂತೂ ಹಾಕಲೇಬೇಡಿ.

ಬಿಸಿಲುಕುದುರೆ

ಹೋಗಿ ಬನ್ನಿ. ನನ್ನ ಮಾತು ಮಾತ್ರ ಅದೇ: ಬೇಸಿಗೆಯಲ್ಲಿ ಇನ್ನೊಮ್ಮೆ ಬಂದು ಏಣಿ ಹತ್ತಿ.

ಜೋಳದರೊಟ್ಟಿ

ಹೋಗುವುದೆಂದು ತೀರ್ಮಾನ ಮಾಡಿದ್ದೇವೆ. ಹಿಮ ಬೀಳುತ್ತಿರುವ ದಿನವೇ ಬೇಡ, ಬಿದ್ದು ನಿಂತ ಮರುದಿನ. ಎಷ್ಟು ಗಂಟೆಗೆ ಹೊರಡಲಿ?

ಡುರಾಂಗೊ ದಾರಿಹೋಕ

ತುಂಬಾ ಬೆಳಿಗ್ಗೆ ಬೇಡ, ತಿರುವುಗಳ ಐಸ್ ಸ್ವಲ್ಪ ಬಿಡಲಿ. ಒಂಬತ್ತೂವರೆಗೆ ಹೊರಡಿ. ಹೊರಡುವ ಮುಂಚೆ ಪಾರ್ಕಿನವರ ರಸ್ತೆ ಸ್ಥಿತಿ ನೋಡಿ, ಹಿಮ ಜಾಸ್ತಿಯಾದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಮೊದಲು ಮ್ಯೂಸಿಯಂ ಮತ್ತು ಸ್ಪ್ರೂಸ್ ಟ್ರೀ ಹೌಸ್ ಮುಗಿಸಿ. ಕಾರಲ್ಲೇ ಊಟ. ಲೂಪ್ ಅನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಸ್ಕ್ವೇರ್ ಟವರ್, ಕ್ಲಿಫ್ ಪ್ಯಾಲೇಸ್ ಎರಡಕ್ಕೂ ಬಿಸಿಲು ಚೆನ್ನಾಗಿ ಬೀಳುವುದು ಆಗಲೇ. ಸೂರ್ಯ ಐದಕ್ಕೆಲ್ಲ ಮುಳುಗುತ್ತಾನೆ, ಕರಗಿದ್ದೆಲ್ಲ ಮತ್ತೆ ಐಸ್ ಆಗುತ್ತದೆ. ಮೂರೂವರೆಗೆ ಮೇಲಿಂದ ಇಳಿಯಲು ಶುರು ಮಾಡಿ. ಇಳಿಯುವಾಗ ಲೋ ಗೇರ್, ಬ್ರೇಕ್ ಮೇಲೆ ಕಾಲು ಒತ್ತಿ ಹಿಡಿಯಬೇಡಿ.

ಪುಳಿಯೋಗರೆ ಪದ್ಮ

ಸಾರಿಗೆ ಮೆಣಸು ಸ್ವಲ್ಪ ಜಾಸ್ತಿ ಹಾಕಿ.